ಮಳೆನಾಡಿನಲ್ಲಿ ಹಳೆಯ ಯೆಜ್ಡಿ: ನಿರ್ವಹಣೆ ಮತ್ತು ದುರಸ್ತಿ

ಉತ್ತರ ಕೊಡಗಿನ ಶನಿವಾರಸಂತೆ, ಕೊಡ್ಲಿಪೇಟೆ, ಶಾಂತಳ್ಳಿ ಕಡೆಯ ತೋಟದ ಶೆಡ್ಡುಗಳಲ್ಲಿ ಔಷಧಿ ಹೊಡೆಯುವ ಪಂಪು, ಗೊಬ್ಬರದ ಚೀಲ, ಕಾಫಿ ಕೊಯ್ಲಿನ ಏಣಿಗಳ ನಡುವೆ ಗೋಣಿತಾಟು ಹೊದ್ದುಕೊಂಡು ನಿಂತ ಜಾವಾ ಅಥವಾ ಯೆಜ್ಡಿ ಕಣ್ಣಿಗೆ ಬಿದ್ದರೆ ಅಚ್ಚರಿಪಡಬೇಕಿಲ್ಲ. ಒಂದು ಕಾಲದಲ್ಲಿ ಮೂಟೆ ಹೊತ್ತು ಕೆಸರು ದಾರಿ ಹತ್ತಿದ ಗಾಡಿಗಳಿವು. ಇವುಗಳಲ್ಲಿ ಹೆಚ್ಚಿನವು ಓಡಿ ಕೆಟ್ಟವಲ್ಲ, ನಿಂತು ಕೆಟ್ಟವು. ಮಗ ಬೆಂಗಳೂರಿಗೆ ಹೋದ, ಅಪ್ಪನಿಗೆ ಕಿಕ್ ಹೊಡೆಯಲಾಗಲಿಲ್ಲ, ಮನೆಗೆ ಸ್ಕೂಟರ್ ಬಂತು. ಅಷ್ಟರಲ್ಲಿ ನಾಲ್ಕಾರು ಮಳೆಗಾಲ ಕಳೆದುಹೋಯಿತು. ಟ್ಯಾಂಕಿನೊಳಗೆ ತುಕ್ಕು, ಪಾಯಿಂಟಿನ ಮೇಲೆ ಹಸಿರು ಕಿಲುಬು, ಒಣಗಿ ಬಿರುಕುಬಿಟ್ಟ ಆಯಿಲ್ ಸೀಲು. ಇಲ್ಲಿನ ಹಳೆ ಗಾಡಿಯ ಕಾಯಿಲೆಗಳ ಪಟ್ಟಿ ಸಾಮಾನ್ಯವಾಗಿ ಇಲ್ಲಿಂದಲೇ ಶುರುವಾಗುತ್ತದೆ.

ಮೈಸೂರಿನ ಗಾಡಿ

ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ರುಸ್ತುಮ್ ಇರಾನಿ ಮತ್ತು ಫಾರೂಖ್ ಇರಾನಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಲ್ಲಿ ಉತ್ಪಾದನೆ ಆರಂಭವಾಯಿತು. ಮೊದಲು ಬಂದದ್ದು ಜಾವಾ ಹೆಸರಿನ 250 ಸಿಸಿ ಗಾಡಿ. 1970ರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಎಂದಾಯಿತು, 1978ರಲ್ಲಿ ರೋಡ್‌ಕಿಂಗ್ ಬಂತು. 1980ರ ದಶಕದ ಮಧ್ಯದಿಂದ ಜಪಾನಿ ಕಂಪನಿಗಳ ಸಹಯೋಗದ, ಹೆಚ್ಚು ಮೈಲೇಜಿನ 100 ಸಿಸಿ ಬೈಕುಗಳು ಪೇಟೆ ತುಂಬಿದವು. ಕಾರ್ಮಿಕ ತಕರಾರು ಮತ್ತು ಹೊಗೆಯ ನಿಯಮಗಳ ಬಿಗಿಯೂ ಸೇರಿ 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಂದರೆ ಇವತ್ತು ಓಡುತ್ತಿರುವ ಅತಿ ಹೊಸ ಮೈಸೂರು ಯೆಜ್ಡಿಗೂ ಸುಮಾರು ಮೂವತ್ತು ವರ್ಷ ವಯಸ್ಸು.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಮತ್ತೆ ಪೇಟೆಗೆ ಬಂದವು. ಇವು ನೀರಿನಿಂದ ತಣಿಯುವ ಫೋರ್-ಸ್ಟ್ರೋಕ್ ಗಾಡಿಗಳು; ಹೆಸರು ಒಂದೇ, ಒಳಗಿನ ಒಂದು ಬೋಲ್ಟೂ ಅದಲುಬದಲಾಗದು. ಷೋರೂಮಿಗೆ ಹೋಗಿ ಹಳೆಯ ರೋಡ್‌ಕಿಂಗ್‌ಗೆ ಪಿಸ್ಟನ್ ಕೇಳುವುದರಲ್ಲಿ ಅರ್ಥವಿಲ್ಲ.

ಇಂದು ದೂರ ಪ್ರಯಾಣಕ್ಕೆಂದೇ ಬರುವ ಮಧ್ಯಮ ಗಾತ್ರದ ಬೈಕುಗಳು ಮಾಡುವ ಕೆಲಸವನ್ನು ಆ ಕಾಲದಲ್ಲಿ ನಮ್ಮ ಕಡೆ ಮಾಡಿದ್ದು ಮೈಸೂರಿನ ಈ ಹಳೆಯ ಗಾಡಿಗಳೇ. ವಾರವಿಡೀ ತೋಟದ ದಾರಿ, ನಡುವೆ ಮಡಿಕೇರಿಗೋ ಹಾಸನಕ್ಕೋ ಒಂದು ಓಟ, ವರ್ಷಕ್ಕೊಮ್ಮೆ ಘಾಟಿ ಇಳಿದು ಸುಬ್ರಹ್ಮಣ್ಯ.

ಎಂಜಿನ್ನಿನ ಸ್ವಭಾವ

ಒಂದೇ ಸಿಲಿಂಡರ್, ಟು-ಸ್ಟ್ರೋಕ್, ಗಾಳಿಯಿಂದ ತಣಿಯುವ ಎಂಜಿನ್. ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ., ಒಟ್ಟು 248.5 ಸಿಸಿ. ಹಳೆಯ ಜಾವಾದಲ್ಲಿ ಸುಮಾರು 12 ಅಶ್ವಶಕ್ತಿ, ರೋಡ್‌ಕಿಂಗ್‌ನಲ್ಲಿ 16. ಸಿಲಿಂಡರ್ ಒಂದೇ ಆದರೂ ಎರಡು ಸೈಲೆನ್ಸರ್. ಸ್ಟ್ರೋಕ್ ಉದ್ದವಿರುವುದರಿಂದ ಕಡಿಮೆ ವೇಗದಲ್ಲೇ ಎಳೆತ ಬರುತ್ತದೆ. ತೋಟದ ಏರಿಗೆ ಇದು ಹೇಳಿ ಮಾಡಿಸಿದ ಗುಣ.

ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಗೇರ್ ಬದಲಿಸಲು ಲಿವರ್ ತುಳಿದಾಗ ಕ್ಲಚ್ ತಾನಾಗಿ ಬಿಡಿಸಿಕೊಳ್ಳುವ ಏರ್ಪಾಡೂ ಉಂಟು. ವಾಲ್ವ್ ಇಲ್ಲ, ಕ್ಯಾಮ್‌ಶಾಫ್ಟ್ ಇಲ್ಲ. ಹೆಡ್ ಬಿಚ್ಚಿ ಸಿಲಿಂಡರ್ ಎತ್ತಿದರೆ ಪಿಸ್ಟನ್ ಎದುರಿಗೇ ನಿಲ್ಲುತ್ತದೆ. ಕೆಲಸ ಕಲಿಯುವವರಿಗೆ ಇದಕ್ಕಿಂತ ಸರಳ ಎಂಜಿನ್ ಸಿಗುವುದು ಕಷ್ಟ. ಆದರೆ ಈ ಸರಳತೆಗೆ ಒಂದು ಕಟ್ಟುಪಾಡಿದೆ: ಕ್ರ್ಯಾಂಕ್‌ಕೇಸ್ ಗಾಳಿಯಾಡದಂತೆ ಭದ್ರವಾಗಿರಬೇಕು. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಅಲ್ಲಿಗೆ ಬಂದು, ಅಲ್ಲಿ ಒತ್ತಡಗೊಂಡು, ನಂತರ ಸಿಲಿಂಡರಿಗೆ ಹೋಗುತ್ತದೆ. ಅಲ್ಲಿ ಕೂದಲೆಳೆಯಷ್ಟು ಸೋರಿದರೂ ಎಂಜಿನ್ ಹದ ತಪ್ಪುತ್ತದೆ.

ಪೆಟ್ರೋಲು, ಎಣ್ಣೆ, ಘಾಟಿ

ಪಿಸ್ಟನ್ ಮತ್ತು ಬೇರಿಂಗುಗಳಿಗೆ ಬೇರೆ ಎಣ್ಣೆ ಇಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಟು-ಟಿ ಎಣ್ಣೆಯೇ ಎಲ್ಲ. ಲೀಟರಿಗೆ 40 ಮಿ.ಲೀ., ಅಂದರೆ 1:25, ಈ ಗಾಡಿಗಳಿಗೆ ರೂಢಿಯ ಲೆಕ್ಕ. ಬೋರ್ ಮಾಡಿಸಿದ ಹೊಸತರಲ್ಲಿ 50 ಮಿ.ಲೀ. ಹಾಕುವುದುಂಟು. ಡಬ್ಬದ ಮೇಲೆ ಜಾಸೊ ಎಫ್‌ಸಿ ಅಥವಾ ಎಫ್‌ಡಿ ಎಂದು ಗುರುತಿರುವ ಎಣ್ಣೆ ಕಡಿಮೆ ಹೊಗೆ, ಕಡಿಮೆ ಮಸಿ ಬಿಡುತ್ತದೆ. ಎಣ್ಣೆಯನ್ನು ನೇರ ಟ್ಯಾಂಕಿಗೆ ಸುರಿದು ಗಾಡಿ ಅಲುಗಾಡಿಸುವುದಕ್ಕಿಂತ ಬೇರೆ ಕ್ಯಾನಿನಲ್ಲಿ ಬೆರೆಸಿ ಹಾಕುವುದು ಒಳ್ಳೆಯದು. ಇಲ್ಲದಿದ್ದರೆ ಎಣ್ಣೆ ತಳಕ್ಕಿಳಿದು ಮೊದಲು ಪ್ಲಗ್ ತೋಯುತ್ತದೆ, ಆಮೇಲೆ ಬರಿ ಪೆಟ್ರೋಲು ಬರುತ್ತದೆ.

‘ಇರಲಿ, ಇನ್ನೊಂದು ಮುಚ್ಚಳ ಹಾಕು’ ಎನ್ನುವ ಉದಾರತೆ ಇಲ್ಲಿ ಕೆಲಸಕ್ಕೆ ಬಾರದು. ಎಣ್ಣೆ ಹೆಚ್ಚಾದಷ್ಟೂ ಜೆಟ್ಟಿನ ಮೂಲಕ ಹಾಯುವ ಪೆಟ್ರೋಲು ಕಡಿಮೆ. ಮಿಶ್ರಣ ಬಡವಾಗಿ ಎಂಜಿನ್ ಇನ್ನಷ್ಟು ಕಾಯುತ್ತದೆ. ಸೈಲೆನ್ಸರ್ ಕಟ್ಟಿಕೊಳ್ಳುವುದು ಅದರ ಮೇಲಿನ ದಂಡ.

ಈಗಿನ ದೊಡ್ಡ ತಲೆನೋವು ಎಥನಾಲ್. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಕೊಟ್ಟ ಇ20 ಪೆಟ್ರೋಲು, ಅಂದರೆ ಶೇಕಡಾ 20 ಎಥನಾಲ್ ಬೆರೆತದ್ದು, ಈಗ ಎಲ್ಲ ಬಂಕುಗಳಲ್ಲೂ ಇದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಜುಲೈ–ಆಗಸ್ಟಿನಲ್ಲಿ ಬಟ್ಟೆಯೇ ವಾರಗಟ್ಟಲೆ ಒಣಗದ ಊರಿನಲ್ಲಿ ಅರ್ಧ ಖಾಲಿ ಟ್ಯಾಂಕು ಬಿಟ್ಟರೆ ನೀರು ಮತ್ತು ಎಥನಾಲ್ ಸೇರಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ತುಕ್ಕು ಅಲ್ಲಿಂದ ಮೇಲೇರುತ್ತದೆ. ಹಳೆಯ ರಬ್ಬರ್ ಪೈಪು, ಪೆಟ್ರೋಲ್ ಕಾಕಿನ ವಾಷರು, ಕಾರ್ಬೊರೇಟರಿನ ಸೀಲುಗಳು ಉಬ್ಬುತ್ತವೆ ಇಲ್ಲವೇ ಪುಡಿಯಾಗುತ್ತವೆ. ಎಥನಾಲ್ ಸಹಿಸುವ ಪೈಪು ಹಾಕಿಸುವುದು, ಒಂದೆರಡು ವಾರಕ್ಕೆ ಬೇಕಾದಷ್ಟೇ ಪೆಟ್ರೋಲು ತುಂಬುವುದು, ಪ್ಲಗ್ ಬಿಳಿಚಿಕೊಂಡರೆ ಮೇನ್ ಜೆಟ್ಟನ್ನು ಒಂದು ಅಂಕೆ ದೊಡ್ಡದು ಮಾಡುವುದು: ಸದ್ಯಕ್ಕೆ ಇವೇ ಮದ್ದು.

ಬಿಸಿಲೆ ಅಥವಾ ಸಂಪಾಜೆ ಘಾಟಿ ಇಳಿಯುವವರು ಇನ್ನೊಂದನ್ನು ತಿಳಿದಿರಬೇಕು. ಎರಡನೇ ಗೇರಿನಲ್ಲಿ ಎಕ್ಸಿಲೇಟರ್ ಪೂರ್ತಿ ಮುಚ್ಚಿ ಎಂಜಿನ್ ಬ್ರೇಕಿನ ಮೇಲೆಯೇ ಮೈಲುಗಟ್ಟಲೆ ಇಳಿದರೆ ಎಂಜಿನ್ ವೇಗವಾಗಿ ತಿರುಗುತ್ತಿರುತ್ತದೆ, ಪೆಟ್ರೋಲು ಬರುವುದಿಲ್ಲ, ಪೆಟ್ರೋಲಿನ ಜೊತೆ ಬರಬೇಕಾದ ಎಣ್ಣೆಯೂ ಇಲ್ಲ. ಆಗಾಗ ಕ್ಲಚ್ ಹಿಡಿದು ಒಂದು ಬಾರಿ ಎಕ್ಸಿಲೇಟರ್ ತಿರುವಿದರೆ ಸಾಕು. ಫೋರ್-ಸ್ಟ್ರೋಕ್ ಓಡಿಸಿ ಬಂದ ಕೈಗಳಿಗೆ ಈ ಅಭ್ಯಾಸ ಇರುವುದಿಲ್ಲ.

ಶೆಡ್ಡಿನಿಂದ ಹೊರಗೆ ತೆಗೆದಾಗ

ವರ್ಷಗಳಿಂದ ನಿಂತ ಗಾಡಿಗೆ ಹೊಸ ಪೆಟ್ರೋಲು ಸುರಿದು ಕಿಕ್ ಹೊಡೆಯಲು ಹೊರಡುವುದು ಎಲ್ಲರಿಗೂ ಬರುವ ಮೊದಲ ಆಸೆ. ಅದನ್ನು ಒಂದು ದಿನ ತಡೆಯಬೇಕು. ಮೊದಲು ಪ್ಲಗ್ ಬಿಚ್ಚಿ, ರಂಧ್ರದೊಳಕ್ಕೆ ಎರಡು ಚಮಚದಷ್ಟು ಟು-ಟಿ ಎಣ್ಣೆ ಬಿಟ್ಟು ರಾತ್ರಿಯಿಡೀ ಹಾಗೇ ಬಿಡುವುದು. ಮರುದಿನ ಕಿಕ್ಕರನ್ನು ಕಾಲಿನಿಂದಲ್ಲ, ಕೈಯಿಂದ ನಿಧಾನ ಒತ್ತಿ ನೋಡಬೇಕು. ತಿರುಗಿದರೆ ಅರ್ಧ ಗೆದ್ದಂತೆ. ತಿರುಗದಿದ್ದರೆ ರಿಂಗು ಸಿಲಿಂಡರಿಗೆ ತುಕ್ಕು ಹಿಡಿದು ಅಂಟಿದೆ. ಬಲ ಹಾಕಿದರೆ ರಿಂಗು ಮುರಿದು ಬೋರ್ ಗೀಚುತ್ತದೆ. ಹೆಡ್ ತೆಗೆದೇ ನೋಡಬೇಕು.

ಟ್ಯಾಂಕಿನ ತುಕ್ಕಿಗೆ ಹುಳಿ ಬೇಕು. ಕೊಡಗಿನಲ್ಲಿ ಹುಳಿ ಎಂದರೆ ಕಾಚಂಪುಳಿ ನೆನಪಾಗುವುದು ಸಹಜ, ಆದರೆ ಅಷ್ಟು ಬೆಲೆಯ ಪದಾರ್ಥವನ್ನು ಹಂದಿ ಸಾರಿಗೆ ಇಟ್ಟುಕೊಳ್ಳುವುದೇ ಮೇಲು. ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಮ್ಲದ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ಟ್ಯಾಂಕು ತುಂಬಿ ಒಂದು ದಿನ ಬಿಟ್ಟರೆ ತುಕ್ಕು ಸಡಿಲವಾಗುತ್ತದೆ. ನಂತರ ಅಡುಗೆ ಸೋಡಾದ ನೀರಿನಿಂದ ತೊಳೆದು, ಬಿಸಿಲಿಗಿಟ್ಟು ಒಣಗಿಸಿ, ಕೂಡಲೇ ಎಣ್ಣೆ ಬೆರೆಸಿದ ಪೆಟ್ರೋಲು ಕುಲುಕಿ ಒಳಮೈಗೆ ಸವರಬೇಕು. ಮಳೆಗಾಲದಲ್ಲಿ ಈ ಕೆಲಸ ಬೇಡ. ಒದ್ದೆ ಟ್ಯಾಂಕಿನಲ್ಲಿ ಸಂಜೆಯೊಳಗೆ ಮತ್ತೆ ಕೆಂಪು ಕಟ್ಟುತ್ತದೆ.

ಪೆಟ್ರೋಲ್ ಕಾಕ್ ಸೋರುತ್ತಿದ್ದು ಕಾರ್ಬೊರೇಟರಿನ ಫ್ಲೋಟೂ ಹಿಡಿಯದಿದ್ದರೆ ಪೆಟ್ರೋಲು ಕ್ರ್ಯಾಂಕ್‌ಕೇಸಿಗೆ ಇಳಿದು ತುಂಬಿಕೊಳ್ಳುತ್ತದೆ. ಆಗ ಕಾಕ್ ಮುಚ್ಚಿ, ಪ್ಲಗ್ ತೆಗೆದು, ಎಕ್ಸಿಲೇಟರ್ ಪೂರ್ತಿ ತೆರೆದು ಹಲವು ಬಾರಿ ಕಿಕ್ ಹೊಡೆದು ಅದನ್ನು ಹೊರಹಾಕಬೇಕು. ಬೀಡಿ, ಬೆಂಕಿ ಹತ್ತಿರವಿರಬಾರದು.

ಕಿಡಿಯ ಕಥೆ

ಸ್ಟಾರ್ಟ್ ಆಗದ ಯೆಜ್ಡಿ ಕಂಡರೆ ಕಾರ್ಬೊರೇಟರಿಗೆ ಕೈ ಹಾಕುವುದು ಸಾಮಾನ್ಯ. ನನ್ನ ಮಾತು ಕೇಳುವುದಾದರೆ ಮೊದಲು ಕಿಡಿ, ಆಮೇಲೆ ಪೆಟ್ರೋಲು, ಆಮೇಲೆ ಗಾಳಿ, ಕೊನೆಗೆ ಕಂಪ್ರೆಶನ್. ಈ ಕ್ರಮ ಬಿಡದೆ ಹೋದರೆ ಅನಗತ್ಯವಾಗಿ ಬಿಚ್ಚುವ ಕೆಲಸ ಎಷ್ಟೋ ಉಳಿಯುತ್ತದೆ.

ಹೆಚ್ಚಿನ ಗಾಡಿಗಳಲ್ಲಿ ಎಂಜಿನ್ನಿನ ಬಲಬದಿಯ ಮುಚ್ಚಳದೊಳಗೆ ಕ್ರ್ಯಾಂಕಿನ ತುದಿಯಲ್ಲೇ 6 ವೋಲ್ಟಿನ ಡೈನಮೋ ಕೂತಿದೆ. ಪಾಯಿಂಟ್ ಮತ್ತು ಕಂಡೆನ್ಸರ್ ಕೂಡ ಅಲ್ಲೇ. ಪಾಯಿಂಟಿನ ಅಂತರ 0.4 ಮಿ.ಮೀ. ಇರಬೇಕು, ಪ್ಲಗ್‌ನದು ಸುಮಾರು 0.6. ಇದನ್ನು ಕಣ್ಣಳತೆಯಲ್ಲಿ ಬಿಡದೆ ಫೀಲರ್ ಗೇಜ್ ಹಾಕಿಯೇ ನೋಡಬೇಕು. ಪಾಯಿಂಟು ಸುಟ್ಟು ಗುಳಿಬಿದ್ದಿದ್ದರೆ ಬದಲಿಸಬೇಕು. ಬರೀ ಕಿಲುಬಾದರೆ ನುಣುಪು ಎಮರಿ ಕಾಗದದಿಂದ ಉಜ್ಜಿ, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಆಯಿತು. ಕ್ಯಾಮಿಗೆ ತಾಗುವ ಫೆಲ್ಟ್ ತುಂಡಿಗೆ ಒಂದು ಹನಿ ಎಣ್ಣೆ. ಎರಡು ಹನಿ ಬಿಟ್ಟರೆ ಅದು ಪಾಯಿಂಟಿನ ಮೇಲೆ ಹಾರುತ್ತದೆ.

ಅಂತರ ಸರಿಮಾಡಿದ ಮೇಲೆಯೇ ಟೈಮಿಂಗ್. ತಿರುವುಮುರುವು ಮಾಡಿದರೆ ಅಂತರ ಬದಲಾದ ಕೂಡಲೇ ಟೈಮಿಂಗೂ ಜಾರುತ್ತದೆ. ಪ್ಲಗ್ ರಂಧ್ರದಿಂದ ಡಯಲ್ ಗೇಜ್ ಅಥವಾ ವರ್ನಿಯರಿನ ಕಡ್ಡಿ ಇಳಿಸಿ ಪಿಸ್ಟನ್ ತುತ್ತತುದಿಗೆ ಬರುವ ಮುನ್ನ ಆ ಮಾದರಿಗೆ ಹೇಳಿದ ಮಿಲಿಮೀಟರಿನಲ್ಲಿ ಪಾಯಿಂಟ್ ಬಾಯಿಬಿಡಬೇಕು. ಬಾಯಿಬಿಡುವ ಆ ಕ್ಷಣ ಹಿಡಿಯಲು ಹಳೆ ಮೆಕ್ಯಾನಿಕ್ಕುಗಳು ಸಿಗರೇಟಿನ ತೆಳು ಹಾಳೆಯನ್ನು ಪಾಯಿಂಟಿನ ನಡುವೆ ಇಟ್ಟು ಮೆಲ್ಲಗೆ ಎಳೆಯುತ್ತಾರೆ. ಹಾಳೆ ಜಾರಿದ ಜಾಗವೇ ಕಿಡಿಯ ಜಾಗ. ಬಲ್ಬು ಕಟ್ಟಿ ನೋಡುವ ಪದ್ಧತಿಯೂ ಇದೆ, ಆದರೆ ಹಾಳೆಗೆ ಬ್ಯಾಟರಿ ಬೇಕಿಲ್ಲ.

ತಣ್ಣಗಿದ್ದಾಗ ಚೆನ್ನಾಗಿ ಹೋಗಿ, ಕಾದ ಮೇಲೆ ನಿಂತು, ಹದಿನೈದು ನಿಮಿಷ ಬಿಟ್ಟರೆ ಮತ್ತೆ ಹೊರಡುವ ಗಾಡಿಯಲ್ಲಿ ಸಾಮಾನ್ಯವಾಗಿ ಕಂಡೆನ್ಸರ್ ಅಥವಾ ಇಗ್ನಿಷನ್ ಕಾಯಿಲ್ ಸಾಯುತ್ತಿದೆ ಎಂದು ಅರ್ಥ. ಪಾಯಿಂಟ್ ಬೇಗ ಬೇಗ ಸುಡುತ್ತಿದ್ದರೂ ಅನುಮಾನ ಕಂಡೆನ್ಸರ್ ಮೇಲೆಯೇ.

ಮಳೆಗಾಲದ ವಿದ್ಯುತ್ ಸಮಸ್ಯೆಗಳಿಗೆ ಬಹುಪಾಲು ಕಾರಣ ಅರ್ತಿಂಗ್. ಫ್ರೇಮಿಗೆ ಕಟ್ಟಿದ ವೈರಿನ ಕೆಳಗೆ ಬಣ್ಣ ಮತ್ತು ತುಕ್ಕು ಸೇರಿ ಕರೆಂಟು ಹಾಯದಂತಾಗುತ್ತದೆ. 6 ವೋಲ್ಟಿನಲ್ಲಿ ಅರ್ಧ ವೋಲ್ಟು ಕಳೆದರೂ ದೀಪ ಮಂಕಾಗುವುದು ಕಾಣುತ್ತದೆ. ಅಂದಕ್ಕೆಂದು ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸಿದ ಗಾಡಿಗಳಲ್ಲಿ ಈ ಕಾಟ ಇನ್ನೂ ಹೆಚ್ಚು: ದಪ್ಪ ಲೇಪದ ಮೇಲೆ ಬೋಲ್ಟು ಬಿಗಿದು, ಆಮೇಲೆ ಡೈನಮೋವನ್ನು ಬೈಯುತ್ತಾರೆ. ಬೋಲ್ಟಿನಡಿ ಲೋಹ ಹೊಳೆಯುವಷ್ಟು ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರುವುದು ಅರ್ಧ ಗಂಟೆಯ ಕೆಲಸ. ಹೆಡ್‌ಲೈಟ್ ಗೂಡಿನೊಳಗಿನ ವೈರು ಸಂದುಗಳಿಗೂ ಇದೇ ಉಪಚಾರ.

12 ವೋಲ್ಟಿಗೆ ಬದಲಿಸಬೇಕೇ? ಮೂಲರೂಪ ಉಳಿಸುವ ಆಸೆ ಇರುವವರು ಬೇಡವೆನ್ನುತ್ತಾರೆ. ಆದರೆ ಕತ್ತಲಾದ ಮೇಲೆ ಆನೆ ದಾಟುವ ತೋಟದ ರಸ್ತೆಯಲ್ಲಿ ಮನೆ ಸೇರಬೇಕಾದವರಿಗೆ ಮಿಣುಕು ದೀಪದ ಮೂಲರೂಪದಿಂದ ಏನೂ ಸಿಗದು. ಅವರು ಬದಲಿಸಿಕೊಳ್ಳಲಿ, ಹಳೆಯ ಡೈನಮೋವನ್ನು ಎಣ್ಣೆ ಸವರಿ ಪೆಟ್ಟಿಗೆಯಲ್ಲಿ ಇಟ್ಟರಾಯಿತು.

ಕಳ್ಳ ಗಾಳಿ ಮತ್ತು ಸೀಜ್

ಪ್ಲಗ್‌ನ ತುದಿ ಹುರಿದ ಕಾಫಿಪುಡಿಯ ಬಣ್ಣಕ್ಕಿದ್ದರೆ ಎಂಜಿನ್ ಆರೋಗ್ಯವಾಗಿದೆ. ಕಪ್ಪು ಜಿಡ್ಡಾದರೆ ಪೆಟ್ರೋಲು ಅಥವಾ ಎಣ್ಣೆ ಹೆಚ್ಚು. ಬಿಳಿಚಿದರೆ ಪೆಟ್ರೋಲು ಕಡಿಮೆ, ಇಲ್ಲವೇ ಎಲ್ಲಿಂದಲೋ ಕಳ್ಳ ಗಾಳಿ ನುಗ್ಗುತ್ತಿದೆ, ಮತ್ತು ಇದೇ ಅಪಾಯದ ಬಣ್ಣ. ಬಡ ಮಿಶ್ರಣದಲ್ಲಿ ಪಿಸ್ಟನ್ ಕಾದು ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಸೀಜ್ ಎಂದರೆ ಇದೇ.

ಗಾಳಿ ನುಗ್ಗುವ ಜಾಗಗಳು ಕೆಲವೇ. ಕಾರ್ಬೊರೇಟರ್ ಕೂರುವ ಫ್ಲಾಂಜ್ ಅತಿ ಬಿಗಿತದಿಂದ ಬಾಗಿರುತ್ತದೆ. ಗಾಜಿನ ಮೇಲೆ ಎಮರಿ ಹಾಳೆ ಇಟ್ಟು ಉಜ್ಜಿ ಸಮ ಮಾಡಬಹುದು. ಸಿಲಿಂಡರ್ ಬುಡದ ಗ್ಯಾಸ್ಕೆಟ್ ಇನ್ನೊಂದು. ಎಲ್ಲಕ್ಕಿಂತ ಮೋಸದ್ದು ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲುಗಳು. ಬಲಬದಿಯದ್ದು ಹೋದರೆ ಡೈನಮೋ ಎಣ್ಣೆಯಿಂದ ತೋಯುತ್ತದೆ, ಕಾರ್ಬನ್ ಬ್ರಶ್ ಜಿಡ್ಡಾಗಿ ಚಾರ್ಜ್ ನಿಲ್ಲುತ್ತದೆ, ಗಾಳಿಯೂ ಒಳಕ್ಕೆ ಬರುತ್ತದೆ. ಎಡಬದಿಯದ್ದು ಹೋದರೆ ಗೇರ್‌ಬಾಕ್ಸಿನ ಎಣ್ಣೆಯನ್ನೇ ಎಂಜಿನ್ ಕುಡಿಯುತ್ತದೆ: ನಿಲ್ಲದ ದಟ್ಟ ಹೊಗೆ, ಜೊತೆಗೆ ದಿನೇದಿನೇ ಇಳಿಯುವ ಗೇರ್ ಎಣ್ಣೆ. ಹೊಗೆ ಕಂಡ ಕೂಡಲೇ ರಿಂಗು ಬದಲಿಸುವವರು ಮೊದಲು ಗೇರ್ ಎಣ್ಣೆಯ ಮಟ್ಟ ನೋಡಬೇಕಿತ್ತು.

ಅನುಮಾನ ತೀರಿಸಿಕೊಳ್ಳಲು ಸೈಲೆನ್ಸರ್ ಮತ್ತು ಕಾರ್ಬೊರೇಟರಿನ ಬಾಯಿಗಳನ್ನು ರಬ್ಬರಿನಿಂದ ಮುಚ್ಚಿ, ಪ್ಲಗ್ ರಂಧ್ರದ ಮೂಲಕ ಸುಮಾರು 6 ಪಿಎಸ್‌ಐ ಗಾಳಿ ತುಂಬಿ, ಸಂದುಗಳಿಗೆ ಸೋಪಿನ ನೀರು ಹಚ್ಚಿ ನೋಡಬಹುದು. ಗುಳ್ಳೆ ಬಂದಲ್ಲಿ ರೋಗ. ಸೈಕಲ್ ಪಂಪು, ಒಂದು ಗೇಜು ಸಾಕು. ಹೆಚ್ಚು ಒತ್ತಡ ಹಾಕಿದರೆ ಒಳ್ಳೆಯ ಸೀಲೂ ಕಿತ್ತುಬರುತ್ತದೆ.

ಸೀಜ್ ಆದ ಮೇಲೆ ಸಣ್ಣ ಗೀರುಗಳಾದರೆ ಪಿಸ್ಟನ್ನಿಗೆ ಎಮರಿ ಹಾಕಿ ಹೊಸ ರಿಂಗು ಕೂರಿಸಬಹುದು. ಆಳದ ಗೀರಾದರೆ ಲೇತ್‌ನಲ್ಲಿ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕುವುದೇ ದಾರಿ. ಇವು 0.25 ಮಿ.ಮೀ. ಮೆಟ್ಟಿಲುಗಳಲ್ಲಿ ಬರುತ್ತವೆ. ಪಿಸ್ಟನ್ನನ್ನು ಮೊದಲು ತಂದು, ಅದನ್ನು ಅಳೆದು, ಅದಕ್ಕೆ ತಕ್ಕಂತೆ ಬೋರ್ ಮಾಡಬೇಕು. ಡಬ್ಬದ ಮೇಲಿನ ಅಂಕಿ ನಂಬಿ ಮುಂಚೆಯೇ ಕೊರೆಸಬಾರದು. ಸೀಜ್‌ಗೆ ಕಾರಣವಾದ ಸೀಲು ಹಾಗೇ ಉಳಿದರೆ ಹೊಸ ಪಿಸ್ಟನ್ನಿಗೂ ಅದೇ ಗತಿ.

ಸೈಲೆನ್ಸರ್

ಏರಿನಲ್ಲಿ ಎಳೆತ ಇಳಿದು, ಬಾಕಿ ಎಲ್ಲ ಸರಿಯಿದ್ದರೆ, ಸೈಲೆನ್ಸರಿನೊಳಗೆ ಮಸಿ ಕಟ್ಟಿರುತ್ತದೆ. ಹಿಂತುದಿಯ ಬ್ಯಾಫಲ್ ಹೊರಕ್ಕೆ ಬರುತ್ತದೆ. ಕೆರೆದು ತೆಗೆದರೆ ಅರ್ಧ ಕೆಲಸ ಆಗುತ್ತದೆ. ಒಲೆಯಲ್ಲಿ ಸುಡುವ ಹಳೆಯ ಪದ್ಧತಿ ಬ್ಯಾಫಲ್‌ಗೆ ಸರಿ, ಕ್ರೋಮ್ ಮೈಯ ಸೈಲೆನ್ಸರಿಗೆ ಬೇಡ, ನೀಲಿಗಟ್ಟುತ್ತದೆ. ಕಾಸ್ಟಿಕ್ ಸೋಡಾ ಬಳಸುವುದಾದರೆ ಸೋಡಾವನ್ನು ನೀರಿಗೆ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು. ಕೈಗವಸು, ಕನ್ನಡಕ ಕಡ್ಡಾಯ. ಅಲ್ಯೂಮಿನಿಯಂ ಭಾಗಗಳನ್ನು ಅದು ತಿಂದುಹಾಕುತ್ತದೆ.

ಕ್ಲಚ್, ಚೈನು, ಬ್ರೇಕು

ಕ್ಲಚ್ ಪ್ಲೇಟುಗಳು ಗೇರ್‌ಬಾಕ್ಸಿನ ಎಣ್ಣೆಯಲ್ಲೇ ಮುಳುಗಿರುತ್ತವೆ. ಬಹಳ ದಿನ ನಿಂತರೆ ಒಂದಕ್ಕೊಂದು ಅಂಟಿ, ಗೇರ್ ಹಾಕಿದ ಕೂಡಲೇ ಗಾಡಿ ಮುಂದಕ್ಕೆ ಹಾರುತ್ತದೆ. ಕ್ಲಚ್ ಹಿಡಿದು ಎಂಜಿನ್ ಆಫ್ ಇದ್ದಾಗಲೇ ನಾಲ್ಕು ಕಿಕ್ ಹೊಡೆದರೆ ಬಿಡಿಸಿಕೊಳ್ಳುತ್ತದೆ. ಕಾರಿಗೆಂದು ತಯಾರಾದ, ಜಾರುಗುಣ ಹೆಚ್ಚಿಸಿದ ದುಬಾರಿ ಎಣ್ಣೆಗಳು ಇಲ್ಲಿ ಕ್ಲಚ್ ಜಾರುವಂತೆ ಮಾಡುತ್ತವೆ.

ಚೈನಿಗೆ ಪೂರ್ತಿ ಮುಚ್ಚಿದ ಕವಚ ಮತ್ತು ರಬ್ಬರ್ ತೋಳುಗಳಿರುವುದು ಈ ಗಾಡಿಯ ಜಾಣತನ. ನಮ್ಮ ಕೆಂಪು ಕೆಸರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇಂದಿನ ಬೈಕುಗಳಲ್ಲೂ ಇಲ್ಲ. ಕಣ್ಣಿಗೆ ಕಾಣದ್ದು ಮರೆತುಹೋಗುತ್ತದೆ ಎಂಬುದೊಂದೇ ತೊಂದರೆ. ಮಳೆ ಮುಗಿದ ಮೇಲೆ ತೋಳು ಸರಿಸಿ ಸಡಿಲ ನೋಡಿ, ಗ್ರೀಸ್ ಹಾಕಬೇಕು.

ಎರಡೂ ಕಡೆ ಡ್ರಮ್ ಬ್ರೇಕು. ಹೊಳೆ ನೀರು ದಾಟಿದ ಮೇಲೆ ಸ್ವಲ್ಪ ದೂರ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಹೋದರೆ ಶೂ ಒಣಗುತ್ತದೆ. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಡ್ರಮ್ಮಿನ ಧೂಳನ್ನು ಗಾಳಿಯಿಂದ ಊದದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಟೈರಿನ ಪಕ್ಕದ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಟ್ರೆಡ್ ಆಳವಿದ್ದರೂ ರಬ್ಬರು ಗಟ್ಟಿಯಾಗಿದ್ದರೆ ಒದ್ದೆ ರಸ್ತೆಯಲ್ಲಿ ಅದನ್ನು ನಂಬಬಾರದು.

ವರ್ಷದ ಲೆಕ್ಕ

ಹೂಮಳೆ ಬಿದ್ದು ಮುಂಗಾರು ಹಿಡಿಯುವ ನಡುವಿನ ಏಪ್ರಿಲ್–ಮೇ ತಿಂಗಳೇ ಇಲ್ಲಿ ಗಾಡಿ ಕೆಲಸಕ್ಕೆ ಸರಿಯಾದ ಕಾಲ. ಸೀಲು, ಕೇಬಲ್ಲು, ಅರ್ತಿಂಗ್, ಬ್ರೇಕ್ ಅಷ್ಟರಲ್ಲಿ ಮುಗಿಯಬೇಕು. ಆರಿದ್ರಾ ಮಳೆ ಶುರುವಾದ ಮೇಲೆ ಓಡಿಸದೆ ನಿಲ್ಲಿಸುವವರು ಟ್ಯಾಂಕು ಪೂರ್ತಿ ಬರಿದು ಮಾಡಿ ಎಣ್ಣೆ ಸವರಬೇಕು, ಕಾಕ್ ಮುಚ್ಚಿ ಕಾರ್ಬೊರೇಟರ್ ಖಾಲಿಯಾಗುವವರೆಗೆ ಎಂಜಿನ್ ಓಡಿಸಬೇಕು, ಪ್ಲಗ್ ರಂಧ್ರಕ್ಕೆ ಎಣ್ಣೆ ಬಿಟ್ಟು ಒಂದೆರಡು ಸಲ ತಿರುಗಿಸಬೇಕು. ಬ್ಯಾಟರಿ ಒಳಮನೆಗೆ. ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಹಿಡಿದಿಡುತ್ತದೆ, ಹಳೆಯ ಹತ್ತಿ ಬೆಡ್‌ಶೀಟೇ ವಾಸಿ. ವಾರಕ್ಕೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಮಾತ್ರ ಬೇಡ. ಎಂಜಿನ್ ಪೂರ್ತಿ ಕಾಯದೆ ಸೈಲೆನ್ಸರಿನಲ್ಲಿ ನೀರು ನಿಲ್ಲುತ್ತದೆ. ಸ್ಟಾರ್ಟ್ ಮಾಡಿದರೆ ಹತ್ತಾರು ಕಿಲೋಮೀಟರ್ ಓಡಿಸಿ ಬನ್ನಿ.

ಬಿಡಿಭಾಗ, ಕಾಗದಪತ್ರ

ಪಿಸ್ಟನ್, ರಿಂಗು, ಕೇಬಲ್ಲು, ಗ್ಯಾಸ್ಕೆಟ್ಟುಗಳು ಮೈಸೂರಿನಲ್ಲೂ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಸಿಗುತ್ತವೆ. ಹೊಸದಾಗಿ ತಯಾರಾದ ನಕಲು ಭಾಗಗಳಲ್ಲಿ ಗುಣ ಒಂದೇ ಸಮವಿಲ್ಲ. ಪಾಯಿಂಟು ಮತ್ತು ಸೀಲುಗಳಲ್ಲಿ ಅಗ್ಗದ್ದಕ್ಕೆ ಕೈಹಾಕಬಾರದು. ತೆಗೆದ ಮೂಲ ಭಾಗವನ್ನು ಗುಜರಿಗೆ ಕೊಡದಿರುವುದು ಜಾಣತನ, ಏಕೆಂದರೆ ಸವೆದ ಮೂಲ ಭಾಗವನ್ನೂ ಲೇತ್‌ನಲ್ಲಿ ಸರಿಪಡಿಸಬಹುದು.

ಕೊಡಗಿನ ಗಾಡಿಗಳಿಗೆ ಮಡಿಕೇರಿಯ ಸಾರಿಗೆ ಕಚೇರಿ, ಕೆಎ-12. ಹದಿನೈದು ವರ್ಷದ ನೋಂದಣಿ ಮುಗಿದ ಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 20 ವರ್ಷ ದಾಟಿದ ಬೈಕುಗಳ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟಿನಲ್ಲಿ 2,000 ರೂಪಾಯಿಗೆ ಏರಿಸಿತು, ತೆರಿಗೆ ಬೇರೆ. 50 ವರ್ಷ ದಾಟಿ ಮೂಲರೂಪದಲ್ಲಿರುವ ಗಾಡಿಗಳಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ, ಶುಲ್ಕ 20,000. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ಆದ್ದರಿಂದ ಇನ್ನೂ ಸಂತೆಗೆ ಹೋಗಿಬರುವ ಗಾಡಿಗೆ ಮಾಮೂಲಿ ನವೀಕರಣವೇ ಸರಿ. ತಪಾಸಣೆಗೆ ಒಯ್ಯುವ ಮುನ್ನ ಬಣ್ಣ ಹೊಡೆಸುವವರು ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳ ಮೇಲೆ ಟೇಪು ಅಂಟಿಸಲು ಹೇಳಬೇಕು. ಕಾಗದ ಇಟ್ಟು ಪೆನ್ಸಿಲ್ ಉಜ್ಜಿದಾಗ ಪ್ರತಿ ಅಂಕಿಯೂ ಮೂಡಬೇಕು.